ಆಷಾಢದಲ್ಲಿ ಮನೆ ನೋಡಿದವಳು

ಶಿರಸಿಗೆ ಬರಲು ಯಾವ ಕಾಲ ಒಳ್ಳೆಯದು ಎಂದು ಯಾರಾದರೂ ಫೋನಿನಲ್ಲಿ ಕೇಳಿದರೆ ನಮ್ಮ ಮನೆಯವರು ಮರುಮಾತಾಡದೆ ರಿಸೀವರನ್ನು ನನ್ನ ಕೈಗೆ ಕೊಡುತ್ತಾರೆ. "ಆ ವಿಷಯದಲ್ಲಿ ಪರೀಕ್ಷೆ ಕಟ್ಟಿ ಪಾಸಾದವಳು ಇವಳೇ" ಎಂದು ಆಚೆಯವರಿಗೂ ಕೇಳುವ ಹಾಗೆ ನಗುತ್ತಾರೆ. ನಗಲಿ. ಮದುವೆಗೆ ಒಪ್ಪುವ ಮೊದಲು ಗಂಡನ ಊರಿಗೆ ಕಾಲಕಾಲಕ್ಕೆ ಬಂದು ತಪಾಸಣೆ ಮಾಡಿದವಳು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಹುಡುಕಿದರೂ ನಾನೊಬ್ಬಳೇ ಸಿಗಬಹುದು. ಅದರ ಬಗ್ಗೆ ನನಗೆ ನಾಚಿಕೆಯಿಲ್ಲ, ಜಂಬವಿದೆ.

ತೊಂಬತ್ತರ ದಶಕದ ಕೊನೆಯ ಮಾತು. ಶಿರಸಿಯ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಆಗ ಒಂದು ಬೋರ್ಡಿತ್ತು. ಸಹಸ್ರಲಿಂಗ ಇಷ್ಟು ದೂರ, ಯಾಣ ಇಷ್ಟು ದೂರ, ಮಾಗೋಡು ಇಷ್ಟು ದೂರ ಎಂದು ಸಾಲಾಗಿ ಬರೆದು, ಕೆಳಗೆ ಕೆಂಪಕ್ಷರದಲ್ಲಿ 'ಭೇಟಿಗೆ ಸೂಕ್ತ ಕಾಲ: ಅಕ್ಟೋಬರ್‌ನಿಂದ ಫೆಬ್ರವರಿ' ಎಂದು ಮುಗಿಸಿದ್ದರು. ನಮ್ಮ ಬಯಲುಸೀಮೆಯಿಂದ ಹೆಣ್ಣು ಕೊಡಲು ಬರುವವರೆಲ್ಲ ಆ ಬೋರ್ಡನ್ನು ಬಾಯಿಪಾಠ ಮಾಡಿಕೊಂಡವರೇ. ದೀಪಾವಳಿ ಮುಗಿಸಿಕೊಂಡು ಬರುವುದು, ಎಳೆಬಿಸಿಲಿನಲ್ಲಿ ಅಂಗಳದಲ್ಲಿ ಕೂತು ಅವಲಕ್ಕಿ ತಿನ್ನುವುದು, ಆಹಾ ಎಂಥಾ ತಂಪು ಎನ್ನುವುದು, ಒಪ್ಪಿಕೊಂಡು ಹೋಗುವುದು. ಮಳೆಯ ತಿಂಗಳಲ್ಲಿ ಯಾರೂ ಮನೆ ನೋಡಲು ಬರುವಂತಿಲ್ಲ, ಏಕೆಂದರೆ ಅದು ಆಷಾಢ. ಆಷಾಢದಲ್ಲಿ ಮದುವೆಯ ಮಾತು ಆಡುವುದಿಲ್ಲ, ಗಂಡು ನೋಡುವುದಿಲ್ಲ, ಹೆಣ್ಣು ನೋಡುವುದಿಲ್ಲ. ಹಾಗಾಗಿ ಮಲೆನಾಡಿನ ಊರುಗಳು ತಮ್ಮ ನಿಜವಾದ ಮುಖವನ್ನು ಬೀಗರಿಗೆ ತೋರಿಸಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ.

ನನ್ನ ಅಕ್ಕ ಹೀಗೆಯೇ ಸಿಕ್ಕಿಬಿದ್ದವಳು. ನಮ್ಮದು ಹಾನಗಲ್ಲು. ಅವಳನ್ನು ಕೊಟ್ಟದ್ದು ಯಲ್ಲಾಪುರದ ಆಚೆ ನಂದೊಳ್ಳಿಯ ಒಂದು ಒಕ್ಕಲು ಮನೆಗೆ. ಡಿಸೆಂಬರಿನಲ್ಲಿ ಮನೆ ನೋಡಿ ಬಂದ ಅಪ್ಪ "ಸ್ವರ್ಗ ಐತಿ, ಸ್ವರ್ಗ" ಎಂದು ವಾರಗಟ್ಟಲೆ ಹೇಳಿದ್ದೇ ಹೇಳಿದ್ದು. ಫೆಬ್ರವರಿಯಲ್ಲಿ ಮದುವೆ. ಜೂನ್ ಕೊನೆಗೆ ಅಕ್ಕನ ಕಾಗದ ಬಂತು. ಅಕ್ಷರ ನೀರಿಗೆ ಕದಡಿ ಅರ್ಧ ಅಳಿಸಿತ್ತು. ಸೀರೆಗೆಲ್ಲ ಬೂಷ್ಟು ಹಿಡಿದಿದೆ, ಹತ್ತು ದಿನದಿಂದ ಸೂರ್ಯನನ್ನು ನೋಡಿಲ್ಲ, ಕಾಲಬೆರಳ ಸಂದಿ ಹುಣ್ಣಾಗಿದೆ, ಇಂಬಳ ಎಂಬ ಹುಳು ರಕ್ತ ಕುಡಿಯುತ್ತದೆ, ಇದನ್ನು ಯಾರೂ ಯಾಕೆ ನನಗೆ ಹೇಳಲಿಲ್ಲ ಎಂದು ಬರೆದಿದ್ದಳು. ಅಪ್ಪ ಓದಿ ಮಡಚಿಟ್ಟ. ಆಗ ನನಗೆ ಹತ್ತೊಂಬತ್ತು ವರ್ಷ. ಅಪ್ಪನ ಮೇಲೆ, ಅಕ್ಕನ ಅತ್ತೆಮನೆಯವರ ಮೇಲೆ, ಆ ಡಿಸೆಂಬರಿನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ನಾಲ್ಕು ವರ್ಷದ ನಂತರ ನನ್ನ ಸರದಿ ಬಂತು. ನಾನಾಗ ಹಾನಗಲ್ಲಿನ ಟೈಪಿಂಗ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಹುಡುಗ ಶಿರಸಿ ಪೇಟೆಯವನು, ಮನೆಯ ಮುಂದಿನ ಕೋಣೆಯಲ್ಲೇ ರೇಡಿಯೋ ರಿಪೇರಿ ಅಂಗಡಿ. ಅವನ ಅಜ್ಜ ನಮ್ಮ ಕಡೆಯಿಂದಲೇ ಅಲ್ಲಿಗೆ ಹೋಗಿ ನೆಲೆಸಿದವನಂತೆ. ಮೊದಲು ಅವರು ಬಂದು ನನ್ನನ್ನು ನೋಡಿ ಹೋದರು. ಆಮೇಲೆ ನಾವು ಮನೆ ನೋಡಲು ಹೊರಟೆವು. ತಿಂಗಳು ಯಾವುದೆಂದು ಹೇಳಬೇಕೇ? ಡಿಸೆಂಬರ್.

ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಕೊಳ್ಳುತ್ತೇನೆ, ಚೆಂದವಿತ್ತು. ಬಸ್ಸು ಇಳಿದಾಗ ರಸ್ತೆಯ ಮೇಲೆ ಇಬ್ಬನಿ ಇನ್ನೂ ಎದ್ದಿರಲಿಲ್ಲ. ಓಣಿಯ ಹಂಚಿನ ಮನೆಗಳ ಮುಂದೆ ಮುದುಕರು ಬೆನ್ನಿಗೆ ಬಿಸಿಲು ಕೊಟ್ಟು ಕೂತಿದ್ದರು. ಹುಡುಗನ ತಾಯಿ ನಮ್ಮ ಮುಂದೆ ತೊಡದೇವು ತಂದಿಟ್ಟರು. ಮಡಕೆಯನ್ನು ಬೋರಲು ಹಾಕಿ, ಅದರ ಬೆನ್ನ ಮೇಲೆ ಕಬ್ಬಿನಹಾಲು ಬೆರೆಸಿದ ಅಕ್ಕಿಹಿಟ್ಟನ್ನು ಬಟ್ಟೆಯಲ್ಲಿ ಒಮ್ಮೆ ಸವರಿ ಎಬ್ಬಿಸಿದ, ಕಾಗದಕ್ಕಿಂತ ತೆಳುವಾದ ಸಿಹಿ. ಬಾಯಿಗಿಟ್ಟರೆ ಇದ್ದದ್ದೇ ಸುಳ್ಳು. ಅಪ್ಪ ಮೂರನೆಯದಕ್ಕೆ ಕೈ ಹಾಕಿದ್ದು ನೋಡಿಯೇ ನನಗೆ ಗೊತ್ತಾಯಿತು, ಇವನು ಇನ್ನೊಬ್ಬ ಮಗಳನ್ನೂ ಕೊಟ್ಟ.

"ಮಳೆಗಾಲದಾಗ ಹೆಂಗಿರ್ತೈತ್ರಿ ಇಲ್ಲೆ?" ಎಂದು ನಾನು ಕೇಳಿಬಿಟ್ಟೆ.

ಹುಡುಗನ ತಾಯಿ ನಕ್ಕರು. "ಮಳೆ ಬರ್ತದೆ, ಹೋಗ್ತದೆ ಮಾರಾಯ್ತಿ. ಅದ್ರಲ್ಲಿ ಹೇಳೂಕೆ ಎಂತ ಉಂಟು?" ಎಂದರು.

ಅಕ್ಕನ ಅತ್ತೆಮನೆಯವರೂ ಅಪ್ಪನಿಗೆ ಇದೇ ಉತ್ತರ ಕೊಟ್ಟಿದ್ದರು. ನನ್ನ ತಲೆ ಬಿಸಿಯಾಯಿತು. ಅಪ್ಪ ಕಣ್ಣು ಬಿಟ್ಟು ಸುಮ್ಮನಿರು ಎಂದರೂ ನಾನು ಸುಮ್ಮನಿರಲಿಲ್ಲ. ವರ್ಷಕ್ಕೆ ನಾಲ್ಕು ಬಣ್ಣ ತಾಳುವ ಊರನ್ನು ಒಂದು ಬೆಳಗಿನಲ್ಲಿ ನೋಡಿ ಒಪ್ಪಲು ನನ್ನಿಂದಾಗುವುದಿಲ್ಲ, ಬೇಸಿಗೆಯಲ್ಲೊಮ್ಮೆ, ಮಳೆಯಲ್ಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ಬಂದು ನೋಡಿ ಆಮೇಲೆ ಹೇಳುತ್ತೇನೆ ಎಂದೆ. ಹುಡುಗನ ಸೋದರಮಾವ ಅಲ್ಲೇ ಇದ್ದರು. ಹುಡುಗನ ತಂದೆ ತೀರಿಕೊಂಡಿದ್ದರಿಂದ ಆ ಮನೆಗೆ ಹಿರಿಯರೆಂದರೆ ಅವರೇ. "ಮನೆ ನೋಡೂಕೆ ಬಂದದ್ದೋ, ಇನ್ಸ್‌ಪೆಕ್ಷನ್ನಿಗೋ?" ಎಂದು ಕೆಂಡವಾದರು. ಆಗ ಅಂಗಡಿಯ ಬಾಗಿಲಿನಿಂದ ಒಂದು ಧ್ವನಿ ಬಂತು. ಅಲ್ಲಿಯವರೆಗೆ ತಲೆ ಎತ್ತದೆ ಕೂತಿದ್ದ ಹುಡುಗ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡೇ, "ಬರಲಿ ಮಾವ. ನೋಡಿಯೇ ಬರಲಿ" ಎಂದ. ಅಷ್ಟೇ ಅಂದದ್ದು.

ಎರಡನೆಯ ಭೇಟಿ ಮೇ ತಿಂಗಳಲ್ಲಿ, ಅವ್ವನ ಜೊತೆ. ಬಸ್ ಸ್ಟ್ಯಾಂಡಿನಲ್ಲಿ ಮಾವಿನ ಮಿಡಿಯ ಬುಟ್ಟಿಗಳು, ಹಲಸಿನ ಹಣ್ಣಿನ ವಾಸನೆ. ಸೆಕೆ ಮಾತ್ರ ನಮ್ಮೂರಿನದಕ್ಕಿಂತ ಕೆಟ್ಟದು, ಬೆವರು ಒಣಗುವುದೇ ಇಲ್ಲ. ಮನೆಯೊಳಗೆ ಹೋದರೆ ಎಲ್ಲಿ ನೋಡಿದರೂ ತುಂಬಿದ ಕೊಡಗಳು. ಬಚ್ಚಲಿನಲ್ಲಿ ಹಂಡೆ ತುಂಬ ನೀರು, ಹಿತ್ತಲಿನಲ್ಲಿ ಎರಡು ಡ್ರಮ್ಮು, ಜಗಲಿಯಲ್ಲಿ ಕಾಲು ತೊಳೆಯಲು ಬೇರೆ ಬಕೆಟ್ಟು. "ಮಲೆನಾಡಂದ್ರ ಮಲೆನಾಡು, ನೀರಿಗೇನ್ ಬರ" ಎಂದು ಅವ್ವ ಖುಷಿಯಿಂದ ಎರಡು ಸಲ ಸ್ನಾನ ಮಾಡಿದಳು. ಕಾಲು ಎಷ್ಟು ಸಲ ತೊಳೆದಳೋ ನಾನು ಎಣಿಸಲಿಲ್ಲ.

ನನಗೆ ಅನುಮಾನ ಬಂದದ್ದು ಕೊಡಗಳನ್ನು ನೋಡಿ. ಒಂದಕ್ಕೊಂದು ಹೊಂದುತ್ತಲೇ ಇರಲಿಲ್ಲ. ಒಂದು ತಾಮ್ರದ್ದು, ಒಂದು ಹಿತ್ತಾಳೆಯದು, ಒಂದು ನೀಲಿ ಪ್ಲಾಸ್ಟಿಕ್ಕಿನದು. ಸುಮ್ಮನೆ ಹಿತ್ತಲಿಗೆ ಹೋಗಿ ಬಾವಿಗೆ ಕೊಡ ಬಿಟ್ಟೆ. ಹಗ್ಗ ಇಳಿಯಿತು, ಇಳಿಯಿತು, ಕೊನೆಗೆ ಟಣ್ ಎಂದಿತು. ತಳದಲ್ಲಿ ಬಂಡೆ, ಬಂಡೆಯ ಮಗ್ಗುಲಲ್ಲಿ ಬೊಗಸೆಯಷ್ಟು ಕೆಸರು ನೀರು. ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಅಜ್ಜಿ ಬೇಲಿಯ ಆಚೆಯಿಂದ ಕೂಗಿ ಕೇಳಿದರು: "ಎನ್ನ ಕೊಡಪಾನ ಖಾಲಿ ಆತನೇ? ಸಂಜೆ ಅಡಿಗೆಗೆ ನೀರು ಇಲ್ಲೆ!"

ಇಡೀ ಓಣಿ ತನ್ನ ಕುಡಿಯುವ ನೀರನ್ನು ತಂದು ಬೀಗರ ಎದುರು ಸಾಲಾಗಿ ಇಟ್ಟಿತ್ತು. ಅದರಲ್ಲಿ ನಮ್ಮವ್ವ ಎರಡು ಸಲ ಮಿಂದಿದ್ದಳು. ಈಗ ನೆನೆದರೆ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ. ಮಾನ ಉಳಿಸಿಕೊಳ್ಳಲು ಇಂಥ ಕೆಲಸ ಈ ಊರಿನವರು ಮಾತ್ರ ಮಾಡಿಯಾರು. ಆದರೆ ಅವತ್ತು ನನಗೆ ನಗು ಬರಲಿಲ್ಲ. ಮತ್ತೆ ಅದೇ ಮೋಸ ಎನಿಸಿತು. ಅವ್ವನಿಗೂ ಅವಮಾನವಾಯಿತು. "ನೀರಿಲ್ಲದ ಮನಿಗೆ ಹೆಣ್ಣು ಕೊಡಾಕ ಆಗೂದಿಲ್ಲ" ಎಂದು ಬಸ್ಸಿನಲ್ಲಿಯೇ ತೀರ್ಪು ಕೊಟ್ಟಳು.

ವಾರದೊಳಗೆ ನನ್ನ ಟೈಪಿಂಗ್ ಕ್ಲಾಸಿನ ವಿಳಾಸಕ್ಕೆ ಒಂದು ಇನ್‌ಲ್ಯಾಂಡ್ ಕಾಗದ ಬಂತು. ಹುಡುಗನದು. ಅವತ್ತು ಅವನು ರಿಪೇರಿಗೆಂದು ಸಿದ್ದಾಪುರಕ್ಕೆ ಹೋಗಿದ್ದನಂತೆ, ಕೊಡಗಳ ವಿಷಯ ಸಂಜೆ ಗೊತ್ತಾಯಿತಂತೆ. 'ಅಮ್ಮ ಮಾಡಿದ್ದು ತಪ್ಪು. ನಮ್ಮ ಬಾವಿ ಏಪ್ರಿಲ್ ಕೊನೆಗೆ ಬತ್ತುತ್ತದೆ. ಮಳೆ ಹಿಡಿಯುವವರೆಗೆ ಬೆಳಿಗ್ಗೆ ಕೆಳಗಿನ ಓಣಿಯಿಂದ ನೀರು ಹೊರಬೇಕು. ನಾನು ಹೊರುತ್ತೇನೆ. ಮಳೆಗಾಲದಲ್ಲಿ ನೀರು ಬೇಡವೆನ್ನುವಷ್ಟಾಗುತ್ತದೆ. ದೇವರ ಕೋಣೆಯ ಮೂಲೆ ಸೋರುತ್ತದೆ. ಬಟ್ಟೆ ಒಣಗಲು ನಾಲ್ಕು ದಿನ ಬೇಕು. ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಪೇಟೆಯೊಳಗೆ ಇಂಬಳದ ಕಾಟ ಇಲ್ಲ, ಭೈರುಂಬೆ ಕಡೆಗೋ ಕಾಡಿನ ದಾರಿಗೋ ಹೋದರೆ ಇದೆ. ಇದನ್ನೆಲ್ಲ ಓದಿ ನೀವು ಬೇಡವೆಂದರೆ ನನಗೆ ಬೇಸರವಾಗುತ್ತದೆ. ಆದರೆ ಮದುವೆಯಾಗಿ ಬಂದಮೇಲೆ ಗೊತ್ತಾಗಿ ಬೇಸರಪಡುವುದು ನೀವಾಗಬಾರದು.'

ಆ ಕಾಗದವನ್ನು ನಾನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ. ಆ ಸೋರುವ ಮೂಲೆಯ ಮೇಲೆ ನನಗೆ ಪ್ರೀತಿ ಹುಟ್ಟಿತು ಎಂದಷ್ಟೇ ಹೇಳುತ್ತೇನೆ. ಹಾಗೆಂದು ತಕ್ಷಣ ಒಪ್ಪಿಗೆ ಬರೆಯಲಿಲ್ಲ. ಮಳೆಯಲ್ಲಿ ನೋಡುತ್ತೇನೆಂದು ಎಲ್ಲರೆದುರು ಹೇಳಿದ್ದೆ, ನೋಡಲೇಬೇಕಿತ್ತು. ಹಟವೇ? ಹೌದು, ಹಟವೇ. ಅದಲ್ಲದೆ ಒಳಗೊಳಗೆ ಒಂದು ಹೆದರಿಕೆಯೂ ಇತ್ತು. ಕಾಗದದಲ್ಲಿ ಓದಿದ ಮಳೆಗೂ ಮೈಮೇಲೆ ಬೀಳುವ ಮಳೆಗೂ ವ್ಯತ್ಯಾಸವಿರುತ್ತದೆ, ನನ್ನಿಂದ ಆಗದಿದ್ದರೆ ಆ ಮನುಷ್ಯನಿಗೆ ಅನ್ಯಾಯ ಮಾಡಿದಂತಾಗುತ್ತದೆ ಎಂದು. ಶ್ರಾವಣ ಬರಲಿ, ಮಳೆ ಇರುವಾಗಲೇ ಹೋಗಿ ನೋಡಿ ಬಂದು ಹೇಳಿದರಾಯಿತು ಎಂದುಕೊಂಡೆ.

ಆಷಾಢದ ಹತ್ತನೆಯ ದಿನವೋ ಏನೋ, ಯಲ್ಲಾಪುರದ ಎಸ್‌ಟಿಡಿ ಬೂತಿನಿಂದ ಅಕ್ಕ ಟೈಪಿಂಗ್ ಕ್ಲಾಸಿಗೆ ಫೋನ್ ಮಾಡಿದಳು. ನಂದೊಳ್ಳಿಗೆ ಬಂದ ಯಾರೋ ನೆಂಟರಿಂದ ಅವಳಿಗೆ ಸುದ್ದಿ ಸಿಕ್ಕಿತ್ತು. ಹುಡುಗನ ಸೋದರಮಾವ ಸಿದ್ದಾಪುರದಲ್ಲಿ ಬೇರೆ ಹುಡುಗಿಯನ್ನು ನೋಡಿಟ್ಟಿದ್ದಾರೆ, ಶ್ರಾವಣದ ಮೊದಲ ದಿನವೇ ಹೋಗಿ ನಿಶ್ಚಯ ಮಾಡಿಕೊಂಡು ಬರುವುದೆಂದು ಮಾತಾಗಿದೆ. ಹುಡುಗ ಕಾಯುತ್ತೇನೆ ಎಂದನಂತೆ. ಎಲ್ಲಿಯವರೆಗೆ ಎಂದು ಮಾವ ಕೇಳಿದರಂತೆ. ಕೊನೆಗೆ ತಾಯಿ ಕಣ್ಣೀರು ಹಾಕಿ, ಆಷಾಢ ಮುಗಿಯುವವರೆಗೆ ಎಂದು ಹುಡುಗನನ್ನು ಒಪ್ಪಿಸಿದರಂತೆ.

"ಅಂದ್ರ ನೀ ಶ್ರಾವಣದಾಗ ಹೋಗಿ ಏನ್ ಮಾಡ್ತಿ? ಲಗ್ನದ ಊಟಾ ಮಾಡಿ ಬರ್ತಿ" ಎಂದಳು ಅಕ್ಕ.

ಫೋನ್ ಇಟ್ಟಮೇಲೆ ಟೈಪ್‌ರೈಟರಿನ ಮುಂದೆ ಕೂತು ನಾನು ಲೆಕ್ಕ ಹಾಕಿದೆ. ಆಷಾಢದಲ್ಲಿ ಹೋಗುವಂತಿಲ್ಲ. ಶ್ರಾವಣದಲ್ಲಿ ಹೋದರೆ ತಡವಾಯಿತು. ನೋಡದೆ ಒಪ್ಪಿಗೆ ಬರೆದು ಕಳಿಸಬಹುದಿತ್ತು ನಿಜ. ಆದರೆ ಅದನ್ನು ಬಿಚ್ಚುವವರು ಸೋದರಮಾವ, ಆಷಾಢದಲ್ಲಿ ಬಂದ ಒಪ್ಪಿಗೆಯನ್ನು ಅವರು ಒಲೆಗೆ ಹಾಕುತ್ತಾರೆ. ಮನೆಗೆ ಹೋಗಿ ಅಪ್ಪನನ್ನು ಕೇಳಿದೆ. "ಆಷಾಢದಾಗ ಯಾರರ ಮನಿ ನೋಡಾಕ ಹೋಗ್ತಾರೇನು? ತಲಿ ನೆಟ್ಟಗೈತಿಲ್ಲೋ?" ಎಂದು ಬೈದ. ಬೈದು ರೇಡಿಯೋ ಹಚ್ಚಿದ. ಬೆಳಿಗ್ಗೆ ವಾರ್ತೆ, ಸಂಜೆ ರೈತರ ಕಾರ್ಯಕ್ರಮ, ಎರಡನ್ನೂ ಅಪ್ಪ ಪೂಜೆಗಿಂತ ಹೆಚ್ಚು ಶ್ರದ್ಧೆಯಿಂದ ಕೇಳುತ್ತಿದ್ದ.

ಆ ರೇಡಿಯೋ ನೋಡುತ್ತಿದ್ದಂತೆ ನನಗೆ ದಾರಿ ಸಿಕ್ಕಿತು. ಮನೆ ನೋಡುವವರಿಗೆ ಆಷಾಢ ಅಡ್ಡ ಬರುತ್ತದೆ. ರಿಪೇರಿಗೆ ಬರುವವರಿಗೆ ಯಾವ ಆಷಾಢ?

"ಅಪ್ಪಾ, ರೇಡಿಯೋ ಕರಕರ ಅಂತೈತಿ. ರಿಪೇರಿ ಮಾಡಿಸ್ಕೊಂಡು ಬರ್ತೀನಿ."

"ಚೊಲೋ ಐತಲ್ಲ!"

"ಇಲ್ಲ, ಕರಕರ ಅಂತೈತಿ."

"ಹಾನಗಲ್ಲಾಗ ರಿಪೇರಿ ಮಾಡೋರು ಯಾರೂ ಇಲ್ಲೇನು?" ಎಂದು ಕೇಳಿದ ಅಪ್ಪ, ನನ್ನ ಮುಖ ನೋಡಿದ. ಅಕ್ಕನ ಆ ಕಾಗದ ಅವನಿಗೂ ನೆನಪಾಗಿರಬೇಕು. ಆಮೇಲೆ ಎದ್ದು, ರೇಡಿಯೋದ ಸೆಲ್ಲು ತೆಗೆದು, ಎರಡು ಟವೆಲ್ಲಿನಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ ಕೊಟ್ಟ. "ತೊಯ್ಸಬ್ಯಾಡ" ಎಂದ.

ಮರುದಿನ ಬೆಳಿಗ್ಗೆಯ ಬಸ್ಸಿಗೆ ಹೊರಟೆ. ಹಾನಗಲ್ಲಿನಲ್ಲಿ ತುಂತುರು. ಕಾಡು ಶುರುವಾದ ಮೇಲೆ ಬಸ್ಸಿನ ಕಿಟಕಿಯ ಪರದೆ ಇಳಿಸಿದರೂ ತೊಡೆ ಒದ್ದೆ. ಶಿರಸಿಯಲ್ಲಿ ಇಳಿದು ಕೊಡೆ ಬಿಚ್ಚಿದ ಮೊದಲ ನಿಮಿಷಕ್ಕೇ ಗಾಳಿ ಅದನ್ನು ಮೇಲುಮುಖ ಮಾಡಿತು. ಆ 'ಸೂಕ್ತ ಕಾಲ'ದ ಬೋರ್ಡಿನ ಕೆಳಗೆ, ತಲೆಯಿಂದ ಮೊಣಕಾಲಿನವರೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡ ಒಬ್ಬ ಹೆಂಗಸು ನಿಂತು ನಗುತ್ತಿದ್ದಳು. ಅದು ನನ್ನ ಅಕ್ಕ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹಿಂದಿನ ಸಂಜೆ ನಾನು ಯಲ್ಲಾಪುರದ ಬೂತಿಗೆ ಫೋನ್ ಮಾಡಿ ಹೇಳಿ ಕಳಿಸಿದ್ದು ಮುಟ್ಟಿ, ನಂದೊಳ್ಳಿಯಿಂದ ಮೊದಲ ಬಸ್ಸಿಗೇ ಬಂದಿದ್ದಳು. ಪಾದದ ಮೇಲೊಂದು ಇಂಬಳವಿತ್ತು. ಸೊಂಟದ ಚೀಲದಿಂದ ಸುಣ್ಣ ತೆಗೆದು ಅದಕ್ಕೆ ಮುಟ್ಟಿಸಿ ಉದುರಿಸುತ್ತಾ, "ನಂದೊಳ್ಳಿಯಿಂದ ಟಿಕೀಟ್ ಇಲ್ದ ಬಂದೈತಿ" ಎಂದಳು.

"ಈ ಮಳಿಗೆ ನೀ ಅಷ್ಟ್ ಅತ್ತಿದ್ದಿ. ಈಗ ನಗ್ತಿ?" ಎಂದೆ.

"ಮಳಿಗೆ ಅತ್ತಿಲ್ಲಬೇ. ಯಾರೂ ಹೇಳಿಲ್ಲಲ್ಲಾ ಅಂತ ಅತ್ತೆ. ಹೇಳಿದ್ರ ನಾಲ್ಕು ಕುಪ್ಪಸ ಹೆಚ್ಚಿಗಿ ತರ್ತಿದ್ದೆ, ಅಷ್ಟ."

ಈ ಮಾತು ನನಗೆ ಆ ದಿನ ಕೊಡೆಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಇಬ್ಬರೂ ಓಣಿಯಲ್ಲಿ ಪಾದ ಮುಳುಗುವ ಕೆಂಪು ನೀರಿನಲ್ಲಿ ನಡೆದೆವು. ಕಲ್ಲಿನ ಗೋಡೆಗಳೆಲ್ಲ ಹಸಿರು ಹಾವಸೆ ಹೊದ್ದಿದ್ದವು. ಶಾಲೆಯ ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದು ಹರಿಯುವ ನೀರಿನಲ್ಲೇ ಕಾಲು ಹಾಕುತ್ತಾ ಹೋಗುತ್ತಿದ್ದರು. ಡಿಸೆಂಬರಿನಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಮುದುಕರು ಜಗಲಿಯಿಂದಲೇ, ಈ ಮಳೆಯಲ್ಲಿ ಯಾರಪ್ಪ ಇವರು ಎಂದು ಕುತ್ತಿಗೆ ಉದ್ದ ಮಾಡಿದರು.

ಅಂಗಡಿಯ ಬಾಗಿಲು ತೆರೆದಿತ್ತು. ಹಿಂದಿನ ಎರಡು ಸಲ ನಾನು ಗಮನಿಸದೆ ಇದ್ದ ಒಂದು ಮರದ ಕಪಾಟು ಈಗ ಬಾಗಿಲು ತೆಗೆದುಕೊಂಡು ನಿಂತಿತ್ತು. ಒಳಗೆ ತಳದಲ್ಲಿ ಒಂದು ದೊಡ್ಡ ಬಲ್ಬು ಉರಿಯುತ್ತಿತ್ತು. ತೇವಕ್ಕೆ ಕೆಟ್ಟ ರೇಡಿಯೋಗಳನ್ನು ಒಣಗಿಸಲು ಮಾಡಿಕೊಂಡ ಕಪಾಟು. ಆದರೆ ಅದರಲ್ಲಿ ರೇಡಿಯೋ ಇದ್ದದ್ದು ಎರಡೇ. ಉಳಿದ ಜಾಗದಲ್ಲೆಲ್ಲ ಓಣಿಯ ಸಂಸಾರವಿತ್ತು. ಯಾರದೋ ತಬಲಾ, ಒಬ್ಬ ಮಾಸ್ತರರ ಸರ್ಟಿಫಿಕೇಟುಗಳು, ಹಪ್ಪಳದ ಡಬ್ಬಿ, ಮದುವೆಯ ಆಲ್ಬಮ್ಮು, ಕೂಸಿನ ಅಂಗಿಗಳು, ಕುಲಾವಿಗಳು. ಮೇ ತಿಂಗಳಲ್ಲಿ ಓಣಿಯವರು ಯಾಕೆ ಕೊಡ ತುಂಬಿ ತಂದು ಕೊಟ್ಟಿದ್ದರೆಂದು ನನಗೆ ಅರ್ಥವಾದದ್ದು ಅಲ್ಲಿ.

ಹುಡುಗ ತಲೆ ಎತ್ತಿ ನೋಡಿದ. ನಾನು ಚೀಲ ಮುಂದೆ ಹಿಡಿದು, "ರಿಪೇರಿ ಐತ್ರಿ" ಎಂದೆ. ಅವನ ಕಿವಿ ಕೆಂಪಾದದ್ದು ಆ ಮಬ್ಬಿನಲ್ಲೂ ಕಂಡಿತು.

ಒಳಗಿನಿಂದ ಅವನ ತಾಯಿ ಬಂದರು. ಹಳೆಯ ಸೀರೆ, ಕೆನ್ನೆಯ ಮೇಲೆ ಮಸಿ, ಕೈಯಲ್ಲಿ ಊದುಗೊಳವೆ. ನನ್ನನ್ನು ಕಂಡು ಅಲ್ಲೇ ನಿಂತುಬಿಟ್ಟರು. "ಅಯ್ಯೋ, ಈಗ ಬರೂದಾ?" ಎಂದರು. ಅವರ ಧ್ವನಿಯಲ್ಲಿ ಸಿಟ್ಟಿಗಿಂತ ಅಳು ಹೆಚ್ಚಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿಯೂ ಬಂದು ಹಾಜರಾದರು. "ಆಷಾಢದಲ್ಲಿ ಬಪ್ಪಲಾಗ ಕೂಸೇ. ಇದೆಂತ ಮಾಡಿದೆ ನೀನು?" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು.

"ನಾ ಗಿರಾಕಿ ಅಜ್ಜಿ. ರೇಡಿಯೋ ತಂದೀನಿ" ಎಂದೆ.

ಆಗ ಕರೆಂಟು ಹೋಯಿತು. ಕಪಾಟಿನ ಬಲ್ಬು ಆರಿದ ಐದು ನಿಮಿಷಕ್ಕೆ ಓಣಿಯ ನಾಲ್ಕೈದು ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡು ಓಡಿ ಬಂದರು. ಇದು ಅವರ ದಿನನಿತ್ಯದ ಕವಾಯತು. ಕಪಾಟಿನಿಂದ ಎಲ್ಲವನ್ನೂ ಹೊತ್ತು ಅಡುಗೆಮನೆಗೆ ಸಾಗಿಸಿ ಒಲೆಯ ಸುತ್ತ ಹರವಬೇಕು. ಯಾರೂ ನನ್ನನ್ನು ಬೀಗಿತ್ತಿ ಎಂದು ಕೂರಿಸಲಿಲ್ಲ. ಒಬ್ಬಳು ನನ್ನ ಕೈಗೆ ಕೂಸಿನ ಅಂಗಿಗಳ ರಾಶಿ ಹಾಕಿ, "ಹಿಡ್ಕೊ, ಬೆಂಕಿಗೆ ತೀರಾ ಹತ್ರ ಬೇಡ" ಎಂದಳು. ಅಕ್ಕನ ಕೈಗೆ ತಬಲಾ ಬಂತು. ನಾನು ಒಲೆಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಯಾರದೋ ಕೂಸಿನ ಅಂಗಿಯನ್ನು ಹಿಂದೆಮುಂದೆ ತಿರುಗಿಸುತ್ತಾ ಒಣಗಿಸಿದೆ. ಮೈಯೆಲ್ಲ ಒದ್ದೆ, ಮುಖಕ್ಕೆ ಬೆಂಕಿಯ ಕಾವು, ಸುತ್ತ ಹೆಂಗಸರ ಗದ್ದಲ. ನನಗೆ ಖುಷಿಯಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಡಿಸೆಂಬರಿನಲ್ಲಿ ತೊಡದೇವು ತಿಂದಾಗ ಇದರ ಅರ್ಧ ಖುಷಿಯೂ ಆಗಿರಲಿಲ್ಲ.

ಹುಡುಗನ ತಾಯಿಗೆ ಅದೇನು ಅನಿಸಿತೋ, ಊದುಗೊಳವೆ ಕೆಳಗಿಟ್ಟು ನನ್ನ ರಟ್ಟೆ ಹಿಡಿದು ಎಬ್ಬಿಸಿದರು. "ಬಾ. ಹೇಗೂ ಬಂದಾಯ್ತು, ಎಲ್ಲಾ ನೋಡು" ಎಂದು ಮನೆ ತೋರಿಸತೊಡಗಿದರು. ದೇವರ ಕೋಣೆಯ ಸೋರುವ ಮೂಲೆ, ಅದರ ಕೆಳಗಿಟ್ಟ ಬೋಗುಣಿ, ಉಬ್ಬಿ ನಿಂತ ಕಿಟಕಿಯ ಬಾಗಿಲು, ಬೂಷ್ಟು ಹಿಡಿದ ತಮ್ಮ ರೇಷ್ಮೆ ಸೀರೆ. ಕೊನೆಗೆ ಹಿತ್ತಲಿನ ಬಾಗಿಲು ತೆಗೆದು ಬಾವಿ ತೋರಿಸಿದರು. ನೀರು ಕಟ್ಟೆಯ ಅಂಚಿಗೆ ಬಂದಿತ್ತು, ಬಗ್ಗಿ ಕೈಯಲ್ಲೇ ಮೊಗೆಯಬಹುದಿತ್ತು. "ನಿನ್ನ ಅಮ್ಮನಿಗೆ ಹೇಳು. ಈಗ ಬಂದರೆ ಹತ್ತು ಸಲ ಮೀಯಬಹುದು" ಎಂದರು. ಹೇಳಿ ಅವರೂ ನಕ್ಕರು, ನಾನೂ ನಕ್ಕೆ. ಆ ನಗುವಿನಲ್ಲಿ ಮೇ ತಿಂಗಳ ಅವಮಾನ ಇಬ್ಬರದೂ ತೊಳೆದುಹೋಯಿತು.

ಅಂಗಡಿಗೆ ವಾಪಸ್ ಬಂದಾಗ ಹುಡುಗ ಬಾಗಿಲ ಬೆಳಕಿನಲ್ಲಿ ಅಪ್ಪನ ರೇಡಿಯೋದ ಬೆನ್ನು ಬಿಚ್ಚಿ ಕೂತಿದ್ದ. ಹೆಂಗಸರೆಲ್ಲ ಸುತ್ತ ನಿಂತಿದ್ದರು. ಹೊಸ ಸೆಲ್ಲು ಹಾಕಿ ಕಿವಿ ತಿರುಪಿದ. ಯಾರೋ ಹಾಡುತ್ತಿದ್ದರು, ಸ್ಪಷ್ಟವಾಗಿ, ಒಂದಿಷ್ಟೂ ಕರಕರವಿಲ್ಲದೆ. ಬೇರೆ ಯಾವ ಗಂಡಸಾದರೂ ನನ್ನ ಮಾನ ಕಾಯಲು ಏನಾದರೊಂದು ಸುಳ್ಳು ಹೇಳುತ್ತಿದ್ದ. ವಯರು ಸಡಿಲಾಗಿತ್ತು, ಧೂಳು ಕೂತಿತ್ತು, ಏನೋ ಒಂದು. ಇವನು ನನ್ನ ಮುಖವನ್ನೇ ನೋಡಿ, "ಇದಕ್ಕೆ ಎಂತದೂ ಆಗಲಿಲ್ಲ" ಎಂದ.

"ಹಂಗಾರೆ ಎಂತಕ್ಕೆ ಹೊತ್ಕಂಡು ಬಂದೆ ಕೂಸೇ?" ಎಂದು ಅಜ್ಜಿ ಕೇಳಿದರು.

ಎಲ್ಲರೂ ನನ್ನನ್ನೇ ನೋಡಿದರು. ಈಗ ಹೇಳದಿದ್ದರೆ ಇನ್ನು ಹೇಳಲು ಜಾಗವಿರಲಿಲ್ಲ. ನಾಲ್ಕೈದು ವರ್ಷದಿಂದ ಯಾವ ಮಾತಿಗಾಗಿ ಸಿಟ್ಟು ಮಾಡಿಕೊಂಡು ತಿರುಗಿದ್ದೆನೋ, ಆ ಮಾತನ್ನು ಒಬ್ಬ ಮನುಷ್ಯ ಎಂಟು ಜನರ ಎದುರು, ತನಗೆ ನಷ್ಟವಾದೀತೆಂದು ಗೊತ್ತಿದ್ದೂ ಆಡಿದ್ದ. ಇದ್ದದ್ದನ್ನು ಇದ್ದ ಹಾಗೆ.

"ಮಳಿ ನೋಡಾಕ ಬಂದಿದ್ದೆ. ನೋಡಿದೆ. ನನಗ ಒಪ್ಪಿಗಿ ಐತಿ" ಎಂದೆ.

ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡರು. "ಆನು ಎಂತದೂ ಕೇಳಿದ್ನಿಲ್ಲೆ! ಆಷಾಢದಲ್ಲಿ ಈ ಮಾತು ಹೇಳಡ, ಹೇಳಡ!" ಎಂದು ಕೂಗಿದರು. ಹುಡುಗನ ತಾಯಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಈಗ ಹೇಳಿದ್ದು ಹೇಳಿದ ಹಾಗಲ್ಲ ಮಾರಾಯ್ತಿ. ಮಾವ ಒಪ್ಪೂದಿಲ್ಲ. ಶ್ರಾವಣದ ಮೊದಲ ದಿನ ಸಿದ್ದಾಪುರಕ್ಕೆ ಹೋಗೂದು ಅಂತ ಹೇಳಿ ಕೂತಿದ್ದಾನೆ" ಎಂದರು.

ಹುಡುಗ ರೇಡಿಯೋದ ಬೆನ್ನು ಮುಚ್ಚಿ ನಾಲ್ಕೂ ಸ್ಕ್ರೂ ತಿರುಪಿದ. ಮೇಜಿನ ಖಾನೆಯಿಂದ ರಿಪೇರಿಯ ಚೀಟಿ ತೆಗೆದು ಏನೋ ಬರೆದು, ದಾರದಲ್ಲಿ ರೇಡಿಯೋದ ಹಿಡಿಕೆಗೆ ಕಟ್ಟಿ, ಅದನ್ನು ತನ್ನ ಬೆನ್ನ ಹಿಂದಿನ ಹಲಗೆಯ ಮೇಲೆ ಇಟ್ಟುಬಿಟ್ಟ. "ಇದು ಇಲ್ಲೇ ಇರಲಿ. ಗಿರಾಕಿಯ ವಸ್ತು, ಮನೆಗೆ ಮುಟ್ಟಿಸೂದು ನನ್ನ ಜವಾಬ್ದಾರಿ. ಶ್ರಾವಣದ ಮೊದಲ ದಿನ ಹಾನಗಲ್ಲಿಗೆ ನಾನೇ ತರ್ತೇನೆ" ಎಂದ. ತಾಯಿಯ ಕಡೆ ತಿರುಗಿ, "ಅಮ್ಮಾ, ಮಾವನ ಹತ್ರ ಹೇಳು. ಅವತ್ತು ನನಗೆ ಸಿದ್ದಾಪುರಕ್ಕೆ ಪುರುಸೊತ್ತಿಲ್ಲ" ಎಂದ.

ಕಿವಿ ಮುಚ್ಚಿಕೊಂಡಿದ್ದ ಅಜ್ಜಿಯೇ ಎಲ್ಲರಿಗಿಂತ ಮೊದಲು ನಕ್ಕರು.

ಅಪ್ಪ ಮುಂದಿನ ಹದಿನೆಂಟಿಪ್ಪತ್ತು ದಿನ ಪಟ್ಟ ಪಾಡು ಅಷ್ಟಿಷ್ಟಲ್ಲ. ವಾರ್ತೆಗೆ ಪಕ್ಕದ ಮನೆಯ ಜಗಲಿ, ರೈತರ ಕಾರ್ಯಕ್ರಮಕ್ಕೆ ಗೊಬ್ಬರದ ಅಂಗಡಿ. ರೇಡಿಯೋ ಎಲ್ಲಿ ಎಂದು ಕೇಳಿದವರಿಗೆಲ್ಲ, "ಶಿರಸಿಯಾಗ ದವಾಖಾನಿಗೆ ಹಾಕೇವಿ" ಎಂದು ಹೇಳುತ್ತಿದ್ದ. ಆಷಾಢ ಮುಗಿದ ಕೂಡಲೇ ರೇಡಿಯೋವನ್ನು ಹುಡುಗನೇ ತರುತ್ತಾನೆ ಎಂದಷ್ಟೇ ನಾನು ಹೇಳಿದ್ದೆ. ಶ್ರಾವಣದ ಮೊದಲ ದಿನ ಬೆಳಿಗ್ಗೆ ಮಾತ್ರ ಯಾರೂ ಹೇಳದೆ ಒಗೆದ ಧೋತರ ಉಟ್ಟು ಕಟ್ಟೆಯ ಮೇಲೆ ಕೂತಿದ್ದ.

ಹನ್ನೊಂದರ ಬಸ್ಸಿಗೆ ಬಂದರು. ಮುಂದೆ ಹುಡುಗ, ಎದೆಗೆ ಅವಚಿಕೊಂಡ ರೇಡಿಯೋ. ಹಿಂದೆ ಅವನ ತಾಯಿ, ಬೂಷ್ಟು ಒರೆಸಿ ಉಟ್ಟ ಅದೇ ರೇಷ್ಮೆ ಸೀರೆಯಲ್ಲಿ. ಅವರ ಹಿಂದೆ, ಕಿವಿ ಮುಚ್ಚಿಕೊಂಡಿದ್ದ ಅಜ್ಜಿ. ಎಲ್ಲರಿಗಿಂತ ಹಿಂದೆ ಮುಖ ಗಂಟು ಹಾಕಿಕೊಂಡ ಸೋದರಮಾವ, ಕೈಯಲ್ಲಿ ಹಣ್ಣಿನ ಬುಟ್ಟಿ. ಅವ್ವ ಕಾಲಿಗೆ ನೀರು ಕೊಟ್ಟಳು, ಸ್ವಲ್ಪ ಹೆಚ್ಚೇ ಕೊಟ್ಟಳು.

ಅಪ್ಪ ಮೊದಲು ರೇಡಿಯೋ ಕೈಗೆ ತೆಗೆದುಕೊಂಡ. ಹಿಡಿಕೆಗೆ ಕಟ್ಟಿದ ಚೀಟಿ ಕಂಡು, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಓದಿದ.

"ದೋಷ: ಇಲ್ಲ. ತಂದ ಕಾರಣ: ಮಳೆ ನೋಡಲು. ಒಪ್ಪಿಸುವ ದಿನ: ಶ್ರಾವಣ ಶುದ್ಧ ಪಾಡ್ಯ."

ಅಪ್ಪ ಚೀಟಿಯನ್ನು ಇನ್ನೊಮ್ಮೆ ತನ್ನಷ್ಟಕ್ಕೆ ಓದಿಕೊಂಡ. ಅಕ್ಕನ ಆ ಕಾಗದವನ್ನು ಮಡಚಿದಂತೆ ಮಡಚಲಿಲ್ಲ. ದಾರ ಬಿಚ್ಚಿ, ಚೀಟಿಯನ್ನು ಅಂಗೈ ಮೇಲಿಟ್ಟು ನೇರ್ಪು ಮಾಡಿ, ನನ್ನ ಕಡೆಗೆ ಚಾಚಿದ. ಅವನ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

"ಇದನ್ನ ಜ್ವಾಕಿ ಇಡವ್ವಾ" ಎಂದ. ಆಮೇಲೆ ಹುಡುಗನಿಗೆ, "ಒಳಗ ಬರ್ರಿ" ಎಂದ.